ವಾಸಯೋಗ್ಯವಾದ ನಗರ

ಯಾವ ನಗರವು ವಾಸಕ್ಕೆ ಮೇಲಾದುದೆಂದು ವರ್ಷವರ್ಷವೂ ಪಟ್ಟಿಗಳು ಪ್ರಕಟವಾಗುತ್ತಿರುವುವು. ಲಂಡನ್ನಿನ ಸಂಸ್ಥೆಯೊಂದರ ಪಟ್ಟಿಯಲ್ಲಿ 2022ರಿಂದ 2024ರ ವರೆಗೆ ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾ ನಗರವು ಮೊದಲನೆಯದಾಗಿದ್ದಿತು. ಪರದೇಶಕ್ಕೆ ಹೋಗುವ ನೌಕರರಿಗೆ ಎಷ್ಟು ಭತ್ಯವನ್ನು ಕೊಡಬೇಕೆಂದು ವ್ಯಾಪಾರಸಂಸ್ಥೆಗಳು ಗೊತ್ತುಮಾಡುವುದಕ್ಕೂ ಇಂತಹ ಪಟ್ಟಿಗಳು ಉಪಯೋಗವಾಗುವುವಂತೆ! ಕೆಲವು ಕಾಲ ತಂಗಿ ಹೋಗುವವನ ಅನುಕೂಲವನ್ನು ಅಳೆದ ಕೋಲಿನಿಂದಲೇ ಅಲ್ಲಿಯ ಬಡವನ ಬಾಳುವೆಯನ್ನೂ ಅಳೆಯಬಹುದೆ?

ವಿಯೆನ್ನಾಕ್ಕೆ ಹಿರಿಮೆಯು ಬಂದುದು ಬೇರೆ ದಾರಿಯಿಂದ. 1873ರಲ್ಲಿ ಅದು ದೂರದ ಬೆಟ್ಟಗಳ ಬುಗ್ಗೆಯ ನೀರನ್ನು ಕಾಲುವೆ ಕಟ್ಟಿ ತಂದಿತು. ಇಂದಿಗೂ ಮನೆಮನೆಯ ನಲ್ಲಿಯಲ್ಲಿ ಬೀಳುವುದು ಬೆಟ್ಟದ ನೀರೇ. 1923ರಲ್ಲಿ ಪೌರಸಭೆಯು ಮನೆತೆರಿಗೆಯೊಂದನ್ನು ವಿಧಿಸಿ, ಭಾರಿ ಬಂಗಲೆಗಳಿಂದ ಹೆಚ್ಚಾಗಿಯೂ ಸಣ್ಣ ಬಿಡಾರಗಳಿಂದ ಅತ್ಯಲ್ಪವಾಗಿಯೂ ವಸೂಲು ಮಾಡಿ, ಹತ್ತು ಹನ್ನೊಂದು ವರ್ಷಗಳಲ್ಲಿ ಕೂಲಿಕಾರರಿಗಾಗಿ 60,000ಕ್ಕೂ ಮೇಲ್ಪಟ್ಟು ಮನೆಗಳನ್ನು ಕಟ್ಟಿಸಿತು. ಬಟ್ಟೆ ಒಗೆಯುವ ಕೊಠಡಿ, ಸ್ನಾನಗೃಹ, ಪುಸ್ತಕಭಂಡಾರ, ಶಿಶುವಿಹಾರ, ಇವು ದೊಡ್ಡ ಕಟ್ಟಡಗಳ ಒಳಗೇ ಇದ್ದುವು. ಬಾಡಿಗೆಯೋ, ಕೂಲಿಯ ಒಂದು ಸಣ್ಣ ಭಾಗ. ಯಾವ ಪಟ್ಟಿಯ ಅಂಕಿಗಿಂತಲೂ ಇದು ದೊಡ್ಡದು.

ಹಾಗಾದರೆ ಒಳ್ಳೆಯ ನೀರು, ಒಳ್ಳೆಯ ಮನೆ, ಇಷ್ಟೇ ಸಾಕೆ? 1938ರಲ್ಲಿ ನಾಜಿಗಳ ಆಡಳಿತವು ಬಂದೊಡನೆ, ಪೌರಸಭೆಯ ಆ ಮನೆಗಳಿಂದಲೇ ಯೆಹೂದ್ಯ ಕುಟುಂಬಗಳನ್ನು ಹೊರಕ್ಕೆ ಹಾಕಿದರು. ತೆರವಾದ ಕೋಣೆಗಳಿಗೆ ಬೇರೆಯವರು ಬಂದು ಸೇರಿದರು. ಗೋಡೆಗಳೂ ಅವೇ, ನಲ್ಲಿಯ ನೀರೂ ಅದೇ.