ಮೊದಲು ಅಂದರೆ ಯಾವಾಗ?

ಕಂಪ್ಲಿಯ ಕೋಟೆಯಿಂದ ಸೇತುವೆಯವರೆಗಿನ ಹೊಳೆದಂಡೆಯನ್ನು ಗಮನದಲ್ಲಿಟ್ಟುಕೊಂಡು ಪದವಿ ವಿದ್ಯಾರ್ಥಿಗಳಿಗೆ ಒಮ್ಮೆ ಒಂದು ಅಭ್ಯಾಸ ಕೊಟ್ಟಿದ್ದೆ: ತುಂಗಭದ್ರೆಯನ್ನು ಮೊದಲಿನಂತೆ ಮಾಡಲು ಒಂದು ಯೋಜನೆ ಬರೆಯಿರಿ. ಹೆಚ್ಚಿನವರು ಮೆಟ್ಟಿಲು, ಕಲ್ಲುಬೆಂಚು, ದೀಪದ ಕಂಬ, ವಾಕಿಂಗ್ ಪಾತ್ ಬರೆದರು. ಒಬ್ಬ ಸೆಲ್ಫಿ ಪಾಯಿಂಟನ್ನೂ ಸೇರಿಸಿದ್ದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಏನೂ ಬರೆಯದೆ ಎದ್ದು ನಿಂತು, "ಮೊದಲು ಅಂದ್ರ ಯಾವಾಗ ಸರ್?" ಎಂದಳು. ಉಳಿದವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲಿಲ್ಲ.

ಡ್ಯಾಂ ಕಟ್ಟುವ ಮೊದಲು ಎನ್ನೋಣವೇ? ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯ ಮುಗಿದದ್ದು 1953ರಲ್ಲಿ. ಅದಕ್ಕೂ ಹಿಂದೆ ಹೊಳೆಗೆ ಮನುಷ್ಯರ ಕೈ ಸೋಕಿರಲಿಲ್ಲವೇ? ವಿಜಯನಗರದ ಅರಸರು ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ, ಹಂಪಿಯ ನಡುವಿನಿಂದ ತುರ್ತಾ ಕಾಲುವೆ ಹರಿಸಿದರು. ರಾಮಸಾಗರ, ಕಂಪ್ಲಿ ಕಾಲುವೆಗಳೂ ಅದೇ ಪರಂಪರೆಯವು. ಐನೂರು ವರ್ಷಗಳ ಆ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಗದ್ದೆಗಳು ಅದನ್ನು ಉಣ್ಣುತ್ತವೆ. ನಮ್ಮೂರಿನಲ್ಲಿ ಯಾರೂ ಮುಟ್ಟದ ಹೊಳೆಯನ್ನು ಹುಡುಕುತ್ತಾ ಹೋದರೆ ಕುಮಾರರಾಮನನ್ನೂ ದಾಟಿ ಹಿಂದಕ್ಕೆ ಹೋಗಬೇಕು. ಅಲ್ಲಿಗೆ ಹೋದರೆ ಊರೇ ಇರುವುದಿಲ್ಲ.

ಹಾಗಾಗಿ 'ಮೊದಲಿನಂತೆ' ಎಂಬ ಮಾತು ನದಿಯ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಲ್ಲ ಅನ್ನಿಸತೊಡಗಿತು. ಹಾಳಾದ ಗಡಿಯಾರವನ್ನು ರಿಪೇರಿ ಮಾಡಿದಂತೆ ಹೊಳೆಯನ್ನು ರಿಪೇರಿ ಮಾಡಲಾಗದು. ಹೇಗಿರಬೇಕು ಎಂದು ನಾವು ಆರಿಸಬೇಕು. ಆರಿಸುವಾಗ ಯಾರೋ ಏನನ್ನೋ ಬಿಟ್ಟುಕೊಡಬೇಕು. ಬಿಟ್ಟುಕೊಡುವುದು ಬೇಡ ಎಂದಾಗ ನಾವು ದಂಡೆಯನ್ನು ಸಿಂಗರಿಸುತ್ತೇವೆ.

ಇದು ಕಂಪ್ಲಿಯ ಹುಡುಗರ ತಪ್ಪೇನಲ್ಲ. ದೊಡ್ಡ ನಗರಗಳೂ ಇದನ್ನೇ ಮಾಡಿವೆ. ದಕ್ಷಿಣ ಕೊರಿಯಾದ ಸೋಲ್ ನಗರ ಚಂಗ್ಯೆಚನ್ ತೊರೆಯ ಮೇಲಿದ್ದ ಮೇಲ್ಸೇತುವೆಯನ್ನೇ ಕೆಡವಿ 2005ರಲ್ಲಿ ತೊರೆಯನ್ನು ಮತ್ತೆ ಹೊರತಂದಿತು. ಜಗತ್ತೇ ಹೊಗಳಿದ ಕೆಲಸ ಅದು, ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಸಂಜೆ ಜನ ನೋಡಿ ಖುಷಿಪಡುವ ತುಂಬು ನೀರಿನಲ್ಲಿ ನರ್ಮದೆಯ ಪಾಲಿದೆ. ಒಂದು ಹೊಳೆಯ ಮುಖಕ್ಕೆ ಇನ್ನೊಂದು ಹೊಳೆಯ ರಕ್ತ. ತುಂಗಭದ್ರೆಗೆ ಸಾಲ ಕೊಡಬಲ್ಲ ನದಿ ನಮ್ಮ ಹತ್ತಿರ ಯಾವುದೂ ಇಲ್ಲ. ಇದನ್ನು ನಾನು ಅದೃಷ್ಟವೆಂದೇ ತಿಳಿಯುತ್ತೇನೆ. ನಮಗೆ ನಮ್ಮ ಲೆಕ್ಕವನ್ನೇ ನೋಡಬೇಕಾಗುತ್ತದೆ.

ಆ ಲೆಕ್ಕ ಕಾಗದದ ಮೇಲಿದೆ. ಬಚಾವತ್ ನ್ಯಾಯಮಂಡಳಿಯ 1976ರ ತೀರ್ಪಿನ ಪ್ರಕಾರ ಜಲಾಶಯದ ಹಂಚಿಕೆ 230 ಟಿಎಂಸಿ. ಬಳಕೆಗೆ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01. ಉಳಿದ 18 ಟಿಎಂಸಿ ಆವಿಯಾಗಿ ಹೋಗುವ ನೀರು. ಬಿಸಿಲಿಗೂ ಅಲ್ಲಿ ಒಂದು ಕಲಮು ಇದೆ, ನದಿಗೆ ಇಲ್ಲ. ಕಂಪ್ಲಿ ಸೇತುವೆಯ ಕೆಳಗೆ ಕೆಲವು ದಿನ ಕಾಣುವ ಹರಿವೂ ರಾಜೋಳಿಬಂಡಾ, ಕರ್ನೂಲು–ಕಡಪ ಕಾಲುವೆಗಳಿಗೆಂದು ಮೇಲಿನಿಂದ ಬಿಟ್ಟದ್ದು. ಆಗ ಹೊಳೆ ತನ್ನ ಪಾತ್ರದಲ್ಲೇ ಕಾಲುವೆಯ ಕೆಲಸ ಮಾಡುತ್ತಿರುತ್ತದೆ. ಬೇರೆ ರೀತಿ ಯೋಚಿಸಲು ಸಾಧ್ಯವೇ ಇಲ್ಲ ಎಂದೇನಿಲ್ಲ. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಪರಿಸರಕ್ಕೆಂದು 10 ಟಿಎಂಸಿ ತೆಗೆದಿಟ್ಟಿತು. ಹತ್ತು ಸಾಕೋ ಸಾಲದೋ, ನದಿಯೂ ಪಾಲುದಾರ ಎಂದು ಒಪ್ಪಿದ ಮೇಲೆ ಜಗಳ ಬೇರೆಯಾಗುತ್ತದೆ.

ಇಷ್ಟು ಬರೆದು ನಾನು ಸುಲಭವಾಗಿ ನ್ಯಾಯವಂತನ ಪೀಠದಲ್ಲಿ ಕೂರಬಹುದಿತ್ತು. 2024ರ ಆಗಸ್ಟ್ 10ರ ರಾತ್ರಿ ಅದಕ್ಕೆ ಬಿಡಲಿಲ್ಲ. ಡ್ಯಾಮಿನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ನೀರು ವ್ಯರ್ಥವಾಗಿ ಹೊಳೆಗೆ ಹೋಗ್ತಾ ಇದೆ. ನಾನೂ ಅಂದೆ. ಟೀವಿ ಮುಂದೆ ಕೂತು, ಕೈಯಲ್ಲಿ ಚಹಾ ಹಿಡಿದು, "ಅಯ್ಯೋ, ಎಷ್ಟು ನೀರು ಪೋಲು" ಎಂದೆ. ಹೊಳೆಯ ನೀರು ಹೊಳೆಯಲ್ಲಿ ಹರಿದರೆ ಪೋಲು! ಹಾಗೆಂದದ್ದು ಮೂರ್ಖತನದಿಂದಲೂ ಅಲ್ಲ. ನಮ್ಮ ಮನೆಗೆ ಎರಡೆಕರೆ ಗದ್ದೆಯಿದೆ. ಕಾಲುವೆಗೆ ನೀರು ಬರುವುದು ಒಂದು ವಾರ ತಡವಾದರೆ ಊಟಕ್ಕೆ ಕೂತಾಗ ಯಾರೂ ಮಾತಾಡುವುದಿಲ್ಲ. ಆ ವಾರ ಕಂಪ್ಲಿ, ಗಂಗಾವತಿ, ಸಿಂಧನೂರಿನ ಎಷ್ಟೋ ಮನೆಗಳಲ್ಲಿ ಎರಡನೇ ಬೆಳೆಯ ಲೆಕ್ಕ ನಡೆದಿತ್ತು. ಬಡ್ಡಿಗೆ ದುಡ್ಡು ತಂದವನಿಗೆ ಆ ನೀರು ಅಕ್ಷರಶಃ ಹಣ. ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಹರಿವನ್ನು ತಡೆದಾಗ ಕೈ ಮುಗಿದವರಲ್ಲಿ ನಾನೂ ಒಬ್ಬ.

ಜಲಾಶಯದಲ್ಲೂ ಮೊದಲಿನ ಜಾಗವಿಲ್ಲ. ಆರಂಭದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಕಡಿಮೆಯಾದ ನೀರನ್ನು ಹಂಚಿಕೊಳ್ಳುವವರ ಸಾಲಿಗೆ ನದಿಯನ್ನೂ ತಂದು ನಿಲ್ಲಿಸಿ ಎಂದು ರೈತನಿಗೆ ಹೇಳಲು ಸಂಬಳದ ಮೇಷ್ಟರಿಗೆ ಎಷ್ಟು ಹಕ್ಕಿದೆ?

ಚರಂಡಿಯ ವಿಷಯ ಇದರಷ್ಟು ಜಟಿಲವಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಲುಷಿತ ನದಿಭಾಗಗಳನ್ನು ಗುರುತಿಸಿತು, ಕರ್ನಾಟಕದ್ದು 17. ಊರಿನ ಕೊಳಚೆಯನ್ನು ಶುದ್ಧಮಾಡಿ ಬಿಡಬೇಕು ಎನ್ನುವುದರಲ್ಲಿ ಯಾವ ತಾತ್ವಿಕ ಸಮಸ್ಯೆಯೂ ಇಲ್ಲ. ದುಡ್ಡು ಬೇಕು, ನಾಚಿಕೆ ಬೇಕು.

ಜಟಿಲವಾದದ್ದು ನೀರುನಾಯಿ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ನಮ್ಮ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿದೆ. ನೀರುನಾಯಿಗೆ ಬಂಡೆಯ ಪೊಟರೆ, ಆಪು ಹುಲ್ಲು, ಮೀನು, ಬೇಸಿಗೆಯಲ್ಲೂ ಆರದ ಮಡುಗಳು ಬೇಕು. ಮರಳು ತೋಡಬಾರದು, ಮದ್ದು ಸಿಡಿಸಿ ಮೀನು ಹಿಡಿಯಬಾರದು. ದಂಡೆಗೆ ಸಿಮೆಂಟು ಬಳಿದರೆ ಅದು ಇರುವುದಿಲ್ಲ. ನನ್ನ ವಿದ್ಯಾರ್ಥಿಗಳ ಮೆಟ್ಟಿಲು, ದೀಪದ ಕಂಬಗಳನ್ನು ಮೊದಲು ತಿರಸ್ಕರಿಸುವ ಪರೀಕ್ಷಕ ಅದೇ. ಹೊಳೆ ಹೇಗಿರಬೇಕು ಎಂಬ ಪ್ರಶ್ನೆಗೆ ಇತಿಹಾಸದ ಯಾವುದೋ ಇಸವಿಗಿಂತ ಈ ಪ್ರಾಣಿ ಒಳ್ಳೆಯ ಅಳತೆ ಎಂದು ನನಗೆ ತೋರಿತ್ತು. ಇದನ್ನು ಹರಿಗೋಲು ಕವುಚಿಟ್ಟು ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರ ಮುಂದೆ ಉತ್ಸಾಹದಿಂದ ಹೇಳಿದೆ.

"ನೀರ್ನಾಯಿಗೆ ಮೀಸಲು ಮಾಡ್ಯಾರ, ಚಲೋ ಆತು. ಅದು ಹರಿದ ಬಲಿ ಹೊಲಿಯೋದು ಯಾರ್ರೀ ಮೇಷ್ಟ್ರೇ?" ಎಂದರು ಅವರು. ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾವೇ ಮುಂದುವರಿಸಿದರು: "ಆದ್ರ ಅದು ಇದ್ದಲ್ಲಿ ಮೀನ ಇರ್ತಾವು, ಅದೂ ಖರೆ."

ಅವರು ತಮ್ಮ ನಷ್ಟವನ್ನು ಒಂದು ವಾಕ್ಯದಲ್ಲೂ ಹೊಳೆಯ ಲಾಭವನ್ನು ಇನ್ನೊಂದರಲ್ಲೂ ಹೇಳಿ, ಎರಡನ್ನೂ ಕೂಡಿಸದೆ ಬಿಟ್ಟರು. ನಮ್ಮ ಯೋಜನಾ ವರದಿಗಳಲ್ಲಿ ಮೊದಲ ವಾಕ್ಯಕ್ಕೆ ಜಾಗ ಸಿಗುವುದಿಲ್ಲ. 'ಎಲ್ಲರಿಗೂ ಲಾಭ' ಎಂದು ಬರೆಯುತ್ತೇವೆ. ಹರಿದ ಬಲೆಯ ಖರ್ಚು, ಕೈಬಿಟ್ಟ ಎರಡನೇ ಬೆಳೆ, ಮರಳಿನ ಕೂಲಿ ಕಳೆದುಕೊಂಡವನ ದಿನ, ಇವನ್ನು ಬರೆಯದ ಯೋಜನೆ ಆ ಹೊರೆಯನ್ನು ಬಡವನ ಹೆಗಲಿಗೆ ಸದ್ದಿಲ್ಲದೆ ದಾಟಿಸುತ್ತದೆ.

ಮುಂದಿನ ವಾರ ಅಭ್ಯಾಸ ಬದಲಿಸಿದೆ. ಎರಡು ಕಲಮು ಹಾಕಿಸಿದೆ: ಹೊಳೆಗೆ ಏನು ಬೇಕು, ಅದನ್ನು ಯಾರು ಬಿಟ್ಟುಕೊಡಬೇಕು. ಎಡಗಡೆಯ ಕಲಮು ಬೇಗ ತುಂಬಿತು. ಬಲಗಡೆ ಸರ್ಕಾರ, ಕಾರ್ಖಾನೆ, ಆಂಧ್ರ ಎಂದಷ್ಟೇ ಇತ್ತು. ಪ್ರಶ್ನೆ ಕೇಳಿದ ಹುಡುಗಿಯ ಹಾಳೆಯಲ್ಲಿ 'ಬೇಸಿಗೆ ನೀರು' ಎಂಬುದರ ಎದುರು 'ನಮ್ಮಪ್ಪ' ಎಂದು ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದು ಕಾಣುತ್ತಿತ್ತು. ನಾನು ಅಂಕ ಹಾಕದೆ ಹಾಳೆಯನ್ನು ವಾಪಸು ಕೊಟ್ಟೆ. ನನ್ನ ಹಾಳೆಯಲ್ಲೂ ಆ ಸಾಲು ಖಾಲಿಯೇ ಇದೆ.