ಹಬ್ಬದ ಉಂಡಿಯೂ ದಿನದ ಸಕ್ಕರೆಯೂ

ಹಬ್ಬ ಬಂದರೆ ಪಥ್ಯ ಕೆಡುತ್ತದೆ ಎಂದು ಡಾಕ್ಟರೂ ಹೇಳುತ್ತಾರೆ, ಮನೆಮಂದಿಯೂ ಹೇಳುತ್ತಾರೆ. ದೇವರ ಹೆಸರಿನಲ್ಲಿ ದೇಹ ಕೆಡಿಸಿಕೊಳ್ಳುವುದು ಧರ್ಮವೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಏಳುತ್ತದೆ. ತಪ್ಪನ್ನು ಹಬ್ಬದ ತಲೆಗೆ ಕಟ್ಟುವ ಮೊದಲು, ದಡ್ಡಿಯಿಂದ ಗೋಕಾಕ, ಮೂಡಲಗಿಯವರೆಗಿನ ಈ ಸೀಮೆಯ ಹಬ್ಬಗಳು ಏನನ್ನು ವಿಧಿಸುತ್ತವೆ ಎಂದು ನೋಡಬೇಕು. ನಾಗರ ಪಂಚಮಿ ಎಂದರೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು ಎಂದು ನೆನಪಾಗುತ್ತದೆ. ಆದರೆ ಅದೇ ಹಬ್ಬದ ದಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಕರಿಯುವುದಿಲ್ಲ, ಹೆಚ್ಚುವುದಿಲ್ಲ. ನೆನೆಸಿದ ಕಾಳೇ ಊಟದ ಮುಖ್ಯ ಪಾಲು. ಉಂಡಿ ತಿಂದವರು ಸುಮ್ಮನೆ ಕೂರುವುದಿಲ್ಲ, ಜೋಕಾಲಿ ಜೀಕಬೇಕು. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುತ್ತದೆ, ಚಳಿಯಲ್ಲಿ ಚುರುಕಾಗುತ್ತದೆ ಎಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಣ್ಣೆ ಸಂಕ್ರಾಂತಿಗೆ ಬರುವುದೂ, ಉಪವಾಸ, ಒಪ್ಪೊತ್ತುಗಳು ಶ್ರಾವಣದಲ್ಲಿ ಒತ್ತಾಗಿ ಬರುವುದೂ ಇದಕ್ಕೆ ಹೊಂದುತ್ತವೆ. ಹಿರಿಯರು ಎಲ್ಲವನ್ನೂ ವಿಜ್ಞಾನ ತಿಳಿದೇ ಮಾಡಿದರು ಎಂಬ ಜಂಬ ಬೇಡ. ಹಬ್ಬದೊಳಗೆ ತಿನ್ನುವ ಅಪ್ಪಣೆಯ ಜೊತೆಗೆ ತಡೆಯುವ ಅಪ್ಪಣೆಯೂ ಇತ್ತು ಎಂದು ಒಪ್ಪಿದರೆ ಸಾಕು.

ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟೆವು. ಏಕಾದಶಿಯನ್ನೇ ನೋಡಿ. ಮರಾಠಿ ಸೀಮೆಗೆ ಹತ್ತಿಕೊಂಡ ನಮ್ಮ ಕಡೆ ಉಪವಾಸ ಎಂದರೆ ಸಾಬೂದಾಣಿ ಕಿಚಡಿ: ರಾತ್ರಿ ನೆನೆಹಾಕಿದ ಸಾಬೂದಾಣಿ, ಹುರಿದು ಕುಟ್ಟಿದ ಶೇಂಗಾ, ಬಟಾಟಿ, ಹಸಿಮೆಣಸು, ಕೈಬಿಟ್ಟು ಸುರಿದ ತುಪ್ಪ. ಮರಗೆಣಸಿನ ಹಿಟ್ಟಿನಿಂದ ಮಾಡುವ ಈ ಸಾಬೂದಾಣಿ ತಮಿಳುನಾಡಿನ ಸೇಲಂ ಕಡೆಯ ಕಾರ್ಖಾನೆಗಳಿಂದ ಬರುತ್ತದೆ. ಆ ಉದ್ಯಮಕ್ಕೆ ನೂರು ವರ್ಷವೂ ತುಂಬಿಲ್ಲ. ಮರಗೆಣಸು, ಶೇಂಗಾ, ಬಟಾಟಿ, ಮೆಣಸಿನಕಾಯಿ ನಾಲ್ಕೂ ಅಮೆರಿಕ ಖಂಡದ ಬೆಳೆಗಳು. ಯಾವ ಋಷಿಯೂ ಕಂಡಿರದ ಈ ತಟ್ಟೆ ಶಾಸ್ತ್ರೋಕ್ತ ಉಪವಾಸವಾಗಿದೆ, ಅದೂ ದಿನದ ರೊಟ್ಟಿ-ಪಲ್ಯಕ್ಕಿಂತ ಭಾರವಾಗಿ. ನಡಿಗೆಯ ಗತಿಯೂ ಹೀಗೇ. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಪಾಲಕಿಯ ಕುದುರೆಗಳು ನಮ್ಮ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ ಹೊರಡುತ್ತವೆ. ವಾರಿ ಎಂಬ ಆ ಕಾಲ್ನಡಿಗೆಯ ಯಾತ್ರೆಯಲ್ಲಿ ನಡೆಯುವುದೇ ಪೂಜೆ. ಸವದತ್ತಿಯ ಯಲ್ಲಮ್ಮನಿಗೋ ದಡ್ಡಿ-ಮೋಹನಗಾದ ಭಾವೇಶ್ವರಿಗೋ ಗುಡಿಯ ಬಾಗಿಲತನಕ ಗಾಡಿಯಲ್ಲಿ ಹೋಗಿ ಇಳಿದು, ಬುತ್ತಿಯನ್ನು ಮಾತ್ರ ಹಳೆಯ ಕಾಲದಷ್ಟೇ ಬಿಚ್ಚುವವರು ವ್ರತದ ಅರ್ಧವನ್ನಷ್ಟೇ ಮಾಡಿದಂತಾಯಿತು.

ಆದರೂ ವರ್ಷಕ್ಕೊಮ್ಮೆಯ ಹೋಳಿಗೆ ಯಾರನ್ನೂ ರೋಗಿ ಮಾಡುವುದಿಲ್ಲ. ಕೆಟ್ಟಿರುವುದು ಹಬ್ಬವಲ್ಲದ ದಿನ. ಹಿಡಕಲ್ ಜಲಾಶಯದ ಕೆಳಗೆ ಕಬ್ಬು ಹಬ್ಬಿದೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಇದೆ. ಸಿಹಿ ಇಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ಸಕ್ಕರೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಎರಡೆರಡು ಚಮಚದ ನಾಲ್ಕು ಚಹಾ ಕುಡಿದವನು ಉಂಡಿ ಮುಟ್ಟುವ ಮೊದಲೇ ಆ ಗೆರೆ ದಾಟಿರುತ್ತಾನೆ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿತು. ಇದು ಪಂಚಮಿ, ದೀಪಾವಳಿಗಳ ಲೆಕ್ಕವಲ್ಲ, ಮುನ್ನೂರ ಅರವತ್ತೈದು ದಿನಗಳ ಲೆಕ್ಕ.

ಇಲ್ಲಿ ಒಂದು ಆಕ್ಷೇಪ ನಿಜಕ್ಕೂ ತೂಕದ್ದು. ಜೋಳದ ನುಚ್ಚಿನಲ್ಲಿ ವರ್ಷ ಕಳೆದವರಿಗೆ ಜಾತ್ರೆಯ ದಾಸೋಹವೇ ಹೊಟ್ಟೆ ತುಂಬುವ ಊಟವಾಗಿತ್ತು. ಅವರ ಮುಂದೆ ಮಿತಾಹಾರದ ಉಪದೇಶ ಮಾಡುವುದು ಉಂಡವರ ಅಹಂಕಾರ. ಹೌದು, ಈ ಮಾತು ಹಸಿದವರಿಗೆ ಅನ್ವಯಿಸದು, ದಿನವೂ ಹಬ್ಬ ಮಾಡುವವರಿಗೆ ಮಾತ್ರ. ಪ್ರಸಾದ ಬೇಡ ಎನ್ನಬಾರದಲ್ಲ ಎಂಬುದು ಇನ್ನೊಂದು ಆಕ್ಷೇಪ. ಬೇಡ ಎನ್ನಬೇಕಿಲ್ಲ. ಅಷ್ಟಾವರಣದಲ್ಲಿ ಪ್ರಸಾದಕ್ಕೆ ಸ್ಥಾನ ಕೊಟ್ಟ ಶರಣರ ಸಂಪ್ರದಾಯವೇ ಅದನ್ನು ಚೆಲ್ಲಬಾರದು ಎಂದಿತು. ಚೆಲ್ಲದಿರಬೇಕಾದರೆ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕು. ಎರಡನೇ ಹೋಳಿಗೆ ಒತ್ತಾಯದಿಂದ ಬಡಿಸುವುದು ಪ್ರೀತಿ ಇರಬಹುದು, ಅದು ಪ್ರಸಾದದ ನಿಯಮವಲ್ಲ. ಹಾಗಾದರೆ ಕಟ್ಟುನಿಟ್ಟಿನ ನಿರಾಹಾರವೇ ಮೇಲೇ? ಅದೂ ಅಲ್ಲ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಒದಗದು ಎಂಬುದು ಗೀತೆಯ ಆರನೇ ಅಧ್ಯಾಯದ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿ-ಬಾಣಂತಿಯರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬಾರದು. ಮುದುಕರಿಗೆ, ಮಕ್ಕಳಿಗೆ, ರೋಗಿಗಳಿಗೆ ನಮ್ಮ ಆಚಾರವೇ ರಿಯಾಯಿತಿ ಕೊಟ್ಟಿದೆ. ಆದ್ದರಿಂದ ಬರುವ ಪಂಚಮಿಗೆ ಉಂಡಿ ಕಟ್ಟಿ, ತಿನ್ನಿ, ಹಂಚಿ. ಬಿಡಬೇಕೆಂದಿದ್ದರೆ ಮರುದಿನದ ಚಹಾದ ಸಕ್ಕರೆ ಬಿಡಿ.