ನಿನಗ್ಯಾಕೆ? ನನಗ್ಯಾಕೆ?



ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ನಮ್ಮ ಬಳಗದ ಅಕ್ಕ ಒಬ್ಬರು ಒಂದು ಪ್ರಶ್ನೆ ಇಟ್ಟರು. ಅವರ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಂತಿನ ಮೇಲೆ ಅವಳಿಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿ ಮೂರು ತಿಂಗಳೂ ತುಂಬಿಲ್ಲ. ಈಗ ಅದಕ್ಕೆ ಇನ್ನಷ್ಟು ರ‍್ಯಾಮ್ ಹಾಕಬೇಕು, ಇನ್ನೊಂದು ಎಸ್‌ಎಸ್‌ಡಿ ಕೂಡಿಸಬೇಕು ಅನ್ನುತ್ತಿದ್ದಾಳಂತೆ. "ಮೇಷ್ಟ್ರೇ, ನೀವೇ ಹೇಳಿ, ಇದು ತಣ್ಹಾ ಅಲ್ವಾ? ಹೊಸದು ಇನ್ನೂ ಹೊಸದಾಗಿರುವಾಗಲೇ ಬಿಚ್ಚೋದು ಅಂದ್ರೆ ಏನು?" ಅಂತ ಕೇಳಿದರು.

ಹೌದು, ತಣ್ಹಾ, ಆಸೆಯೇ ದುಃಖಕ್ಕೆ ಮೂಲ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ನಮ್ಮಂಥವರು ಆ ಮಾತನ್ನು ಬಾಯಿಗೆ ತಂದುಕೊಳ್ಳುವ ಮೊದಲು ಒಂದು ಕ್ಷಣ ನಿಲ್ಲಬೇಕು. "ಇಷ್ಟೆಲ್ಲ ನಿನಗ್ಯಾಕೆ?" ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಅದನ್ನು ನಮ್ಮ ಹಿರಿಯರಿಗೆ ಬೇರೆಯವರು ತಲೆಮಾರುಗಳ ಕಾಲ ಕೇಳಿದ್ದಾರೆ.

1936ರಲ್ಲಿ ಪ್ರಕಟವಾದ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಕೆಲವು ಘಟನೆಗಳನ್ನು ದಾಖಲಿಸಿದ್ದಾರೆ. ಜೈಪುರ ಸಂಸ್ಥಾನದ ಚಕ್ವಾರಾ ಎಂಬ ಊರಿನಲ್ಲಿ ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಇತ್ತು. ಅದೊಂದೇ ಕಾರಣಕ್ಕೆ ಸವರ್ಣೀಯರು ದೊಣ್ಣೆ ಹಿಡಿದು ಬಂದು ಪಂಕ್ತಿಯನ್ನು ಹಾಳುಗೆಡವಿದರು. ಗುಜರಾತಿನ ಜಾನು ಎಂಬ ಊರಿನಲ್ಲಿ ನಮ್ಮ ಹೆಣ್ಣುಮಕ್ಕಳು ನೀರಿಗೆ ಲೋಹದ ಕೊಡ ಹಿಡಿದು ಹೋದರೆಂದು ಹಲ್ಲೆ ಮಾಡಿದರು. ತುಪ್ಪದ ದುಡ್ಡು ಅವರದೇ, ಕೊಡವೂ ಅವರದೇ. ತಪ್ಪು ಒಂದೇ: "ನಿಮ್ಮಂಥವರಿಗೆ ಇಷ್ಟು ಒಳ್ಳೆಯದು ಯಾಕೆ?" ಎಂಬ ಪ್ರಶ್ನೆಗೆ ಅವರು ತಲೆಬಾಗಲಿಲ್ಲ.

ಆದ್ದರಿಂದ ನಮ್ಮ ಮನೆಯ ಹುಡುಗಿಯೊಬ್ಬಳು ಒಳ್ಳೆಯ ಯಂತ್ರ ಬಯಸಿದಾಗ, ಆ ಹಳೆಯ ದೊಣ್ಣೆಯನ್ನು ನಾವೇ ಧಮ್ಮದ ಹೆಸರಿನಲ್ಲಿ ಎತ್ತಿಕೊಳ್ಳಬಾರದು. ಬುದ್ಧರು ಬಡತನವನ್ನು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು ಒತ್ತಿ ಹೇಳಿದ್ದಾರೆ. ಅವರೇ ಸಾವಿರಾರು ಪುಸ್ತಕ ಕೊಂಡರು, ಅವನ್ನಿಡಲೆಂದೇ ದಾದರಿನಲ್ಲಿ ರಾಜಗೃಹ ಎಂಬ ಮನೆ ಕಟ್ಟಿಸಿದರು. ಕೈಗೇ ಸಿಗದಿದ್ದನ್ನು ಬಿಟ್ಟೆ ಎನ್ನುವುದು ತ್ಯಾಗವಾಗುವುದಿಲ್ಲ.

ಹಾಗಾದರೆ ಆಸೆಪಟ್ಟದ್ದೆಲ್ಲ ಸರಿಯೇ? ಅದೂ ಇಲ್ಲ. "ನಿನಗ್ಯಾಕೆ?" ಎಂದು ಇನ್ನೊಬ್ಬರು ಕೇಳಿದರೆ ಅದು ಯಜಮಾನಿಕೆ. "ನನಗ್ಯಾಕೆ?" ಎಂದು ನನ್ನನ್ನು ನಾನೇ ಕೇಳಿಕೊಂಡರೆ ಅಲ್ಲಿಂದ ಧಮ್ಮದ ಕೆಲಸ ಶುರುವಾಗುತ್ತದೆ. ಪದಗಳು ಹೆಚ್ಚು ಕಡಿಮೆ ಅವೇ, ಕೇಳುವ ಬಾಯಿ ಬೇರೆ. ಆ ಮಗುವಿಗೆ ನಾವು ಕಲಿಸಬೇಕಾದದ್ದು ಎರಡನೆಯ ಪ್ರಶ್ನೆಯನ್ನು.

ಪಾಲಿಯಲ್ಲಿ 'ಯೋನಿಸೋ ಮನಸಿಕಾರ' ಎಂಬ ಮಾತಿದೆ. ಯಾವುದನ್ನಾದರೂ ಅದರ ಬೇರಿನವರೆಗೆ ಹೋಗಿ ಗಮನಿಸುವುದು ಎಂದರ್ಥ. ಲ್ಯಾಪ್‌ಟಾಪ್ ನಿಧಾನವಾಗಿದೆ, ಅದು ದುಃಖ. ಕಾರಣವೇನು? ಕಾರಣ ತಿಳಿಯದೆ ಅಂಗಡಿಗೆ ಓಡುವುದು, ಜ್ವರ ಯಾವುದೆಂದು ನೋಡದೆ ಮಾತ್ರೆ ನುಂಗಿದಂತೆ. ಟಾಸ್ಕ್ ಮ್ಯಾನೇಜರ್ ತೆರೆದು ಕೆಲಸ ನಡೆಯುವಾಗ ಯಾವುದು ತುಂಬಿಹೋಗುತ್ತಿದೆ ಎಂದು ನೋಡಬೇಕು. ಇರುವುದು 8 ಜಿಬಿ ರ‍್ಯಾಮ್ ಆಗಿದ್ದು ಅದು ತುಂಬಿ ತುಳುಕುತ್ತಿದ್ದರೆ ಇನ್ನೊಂದು 8 ಜಿಬಿ ಹಾಕುವುದು ನಿಜವಾದ ಮದ್ದು. ಒಂದೇ ಕಡ್ಡಿ ಇದ್ದಲ್ಲಿ ಅದಕ್ಕೆ ಸರಿಜೋಡಿಯಾದ ಇನ್ನೊಂದು ಸೇರಿದರೆ ಎರಡೂ ದಾರಿಯಲ್ಲಿ ಮಾಹಿತಿ ಓಡುತ್ತದೆ, ವೇಗವೂ ಏರುತ್ತದೆ. ಒಂದೇ ಗೇಮ್ 100 ಜಿಬಿ ದಾಟುವ ಈ ಕಾಲದಲ್ಲಿ 512 ಜಿಬಿಯ ಡಿಸ್ಕ್ ಬೇಗ ತುಂಬುವುದೂ ನಿಜ.

ಆದರೆ ಕಾರಣ ಬೇರೆಯೂ ಇರಬಹುದು. ಫ್ಯಾನಿನಲ್ಲಿ ಧೂಳು ಕಟ್ಟಿ, ಹಾಸಿಗೆಯ ಮೇಲೆ ಇಟ್ಟು ಗಾಳಿ ಸಿಗದೆ ಯಂತ್ರ ಕಾದರೆ ಪ್ರೊಸೆಸರ್ ತಾನೇ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಚಾರ್ಜರ್ ಹಾಕದೆ ಆಡಿದರೆ ಗೇಮಿಂಗ್ ಲ್ಯಾಪ್‌ಟಾಪ್ ಪೂರ್ತಿ ಶಕ್ತಿ ತೋರಿಸುವುದಿಲ್ಲ. ಇವಕ್ಕೆ ಮದ್ದು ಒಂದು ಮೇಜು, ಒಂದು ಕುಂಚ, ಖರ್ಚೇ ಇಲ್ಲ. ಇನ್ನು ಗ್ರಾಫಿಕ್ಸ್ ಚಿಪ್ಪೇ ಸಾಲದಿದ್ದರೆ ಎಷ್ಟು ರ‍್ಯಾಮ್ ಸುರಿದರೂ ಅದು ಬಲಿಯುವುದಿಲ್ಲ. ಇಂದಿನ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬದಲಾಯಿಸಬಹುದಾದದ್ದು ಯಾವುದು, ಆಗದ್ದು ಯಾವುದು ಎಂದು ತಿಳಿಯುವುದೇ ಅರ್ಧ ನೆಮ್ಮದಿ.

ಬೇಕು ಎಂಬುದು ಎಲ್ಲಿ ಮುಗಿಯುತ್ತದೆ, ತಣ್ಹಾ ಎಲ್ಲಿ ಶುರುವಾಗುತ್ತದೆ? ಈ ಯಂತ್ರದಲ್ಲೇ ಒಂದು ಗಡಿರೇಖೆ ಇದೆ. ಸೆಕೆಂಡಿಗೆ 144 ಚಿತ್ರ ತೋರಿಸುವ ಪರದೆ 200 ಚಿತ್ರ ತೋರಿಸಲಾರದು. ಆದರೂ ಗೆಳೆಯನ ಯಂತ್ರದಲ್ಲಿ 200 ಬರುತ್ತದೆ ಎಂದು ರಾತ್ರಿ ನಿದ್ದೆ ಕೆಟ್ಟರೆ, ಅಲ್ಲಿ ಕಣ್ಣಿಗೇನೂ ಬೇಕಾಗಿಲ್ಲ, ಹೋಲಿಕೆಗೆ ಬೇಕಾಗಿದೆ. ಕೊರತೆ ತುಂಬಿದ ಮೇಲೆ ನಿಲ್ಲುವುದು ಅಗತ್ಯ. ತುಂಬಿದಷ್ಟೂ ಕೊರತೆಯನ್ನೇ ಹುಟ್ಟಿಸುವುದು ತಣ್ಹಾ.

ಬುದ್ಧರು ಗೃಹಸ್ಥನಾದ ಅನಾಥಪಿಂಡಿಕನಿಗೆ ನಾಲ್ಕು ಸುಖಗಳನ್ನು ಹೇಳಿದ್ದಾರೆ. ಧರ್ಮದಿಂದ ಗಳಿಸಿದ್ದು ನನ್ನಲ್ಲಿದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷಿಯಾಗಿರುವ ಸುಖ. ಮೊದಲೆರಡನ್ನು ಅವರು ಅಲ್ಲಗಳೆಯಲಿಲ್ಲ, ಸುಖವೆಂದೇ ಕರೆದರು ಎಂಬುದನ್ನು ಗಮನಿಸಿ. ಆದರೆ ಕೊನೆಯದನ್ನು ಎಲ್ಲಕ್ಕಿಂತ ಮೇಲಿಟ್ಟರು.

ಮೂರನೆಯ ಸುಖದ ಲೆಕ್ಕವನ್ನು ಮಗಳು ತಾಯಿಯ ಜೊತೆ ಕೂತು ಮಾಡಲಿ. ಲ್ಯಾಪ್‌ಟಾಪಿನ ಕಂತು ಇನ್ನೂ ತೀರದಿರುವಾಗ ರ‍್ಯಾಮಿಗೂ ಇನ್ನೊಂದು ಕಂತು ಕಟ್ಟುವುದಾದರೆ, ಯಂತ್ರದ ವೇಗ ಏರಿ ಮನೆಯ ಉಸಿರು ಇಳಿಯುತ್ತದೆ. ಎರಡು ತಿಂಗಳು ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ತಂದರೆ ಅದೇ ರ‍್ಯಾಮಿಗೆ ಬೇರೆಯೇ ರುಚಿ.

ನಾಲ್ಕನೆಯದು ಇನ್ನೂ ಕಷ್ಟದ್ದು. ಬಿಚ್ಚಿ ತೆಗೆದದ್ದು ಎಲ್ಲಿಗೆ ಹೋಗುತ್ತದೆ? ದೆಹಲಿಯ ಸೀಲಂಪುರದಂಥ ಕಡೆಗಳಲ್ಲಿ ಹಳೆಯ ಬೋರ್ಡುಗಳನ್ನು ಕಾಯಿಸಿ, ಆಸಿಡ್ಡಿನಲ್ಲಿ ಅದ್ದಿ ತಾಮ್ರ, ಚಿನ್ನ ತೆಗೆಯುತ್ತಾರೆ. ಸೀಸದ ಹೊಗೆ ಕುಡಿಯುವವರು ಬಡವರು. ಊರಿನ ಕೊಳೆಯನ್ನು ಯಾರ ಕೊರಳಿಗೆ ಕಟ್ಟಲಾಗಿತ್ತು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೊರಳಿನಿಂದ ಬಂದ ನಾವು ನಮ್ಮ ಕೊಳೆಯನ್ನು ಇನ್ನೊಂದು ಕೊರಳಿಗೆ ಕಟ್ಟಿ ನಿರ್ದೋಷಿಗಳಾಗಲು ಸಾಧ್ಯವೇ? ಇ-ತ್ಯಾಜ್ಯಕ್ಕೆಂದೇ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಿವೆ, ಅಧಿಕೃತ ಮರುಬಳಕೆದಾರರಿದ್ದಾರೆ. ಅದಕ್ಕೂ ಮೊದಲು, ತೆಗೆದದ್ದು ಕೆಟ್ಟಿಲ್ಲವಲ್ಲ! ಹಳೆಯ ಎಸ್‌ಎಸ್‌ಡಿಗೆ ಒಂದು ಪುಟ್ಟ ಯುಎಸ್‌ಬಿ ಪೆಟ್ಟಿಗೆ ಹಾಕಿದರೆ ಪಾಠ, ಪುಸ್ತಕ ತುಂಬಿಕೊಡುವ ಡಿಸ್ಕ್ ಆಗುತ್ತದೆ. ರ‍್ಯಾಮ್ ಅದೇ ಬಗೆಯ ಯಂತ್ರವಿರುವ ಇನ್ನೊಬ್ಬ ವಿದ್ಯಾರ್ಥಿಗೆ ಆಗುತ್ತದೆ. ಡಿಡಿಆರ್4ರ ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ, ಅಷ್ಟು ನೋಡಿ ಕೊಟ್ಟರಾಯಿತು.

ಇನ್ನೊಂದು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದುಡ್ಡು ಕೊಟ್ಟರೆ ಹತ್ತು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಆದರೆ ವಾರಂಟಿಯ ಷರತ್ತು ಓದಿಕೊಂಡು, ತಯಾರಕರ ಕೈಪಿಡಿ ನೋಡಿಕೊಂಡು, ಯಂತ್ರ ಆರಿಸಿ, ಬ್ಯಾಟರಿಯ ತಂತಿ ಮೊದಲು ಬಿಡಿಸಿ, ಆ ಮಗು ತಾನೇ ಮಾಡಲಿ ಎಂದು ನನಗನ್ನಿಸುತ್ತದೆ. ಕೈಯಲ್ಲಿ ಉಳಿ ಹಿಡಿದವರಿಗೆ ಅಕ್ಷರ ಕೊಡಲಿಲ್ಲ, ಅಕ್ಷರ ಹಿಡಿದವರು ಉಳಿ ಮುಟ್ಟಲಿಲ್ಲ, ಜಾತಿ ಈ ದೇಶದ ಜ್ಞಾನವನ್ನು ಹೀಗೆ ಸೀಳಿತು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಕೈಪಿಡಿ ಹಿಡಿದು ಕೂತ ನಮ್ಮ ಹುಡುಗಿ ಆ ಸೀಳನ್ನು ಒಂದಿಷ್ಟಾದರೂ ಹೊಲಿಯುತ್ತಾಳೆ. ತನ್ನ ಯಂತ್ರದ ಒಳಗೇನಿದೆ ಎಂದು ಬಲ್ಲವಳಿಗೆ ಜಾಹೀರಾತು ಸುಲಭಕ್ಕೆ ಮೋಸ ಮಾಡಲಾರದು.

ಇಂದಿನ ಚಿಂತನೆಗೆ: ಇವತ್ತು ನೀವು ಕೊಳ್ಳಬೇಕೆಂದಿರುವ ಒಂದು ವಸ್ತುವನ್ನು ನೆನೆದುಕೊಳ್ಳಿ. ಅದು ಸೀರೆಯಿರಲಿ, ಮೊಬೈಲಿರಲಿ, ಬೈಕಿರಲಿ. ನಾಲ್ಕು ಸುಖಗಳ ಮುಂದೆ ಅದನ್ನಿಟ್ಟು ನೋಡಿ. ನಾಲ್ಕೂ ಒಪ್ಪಿದರೆ ತಲೆಯೆತ್ತಿ ಕೊಳ್ಳಿ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಒಂದು ಒಪ್ಪದಿದ್ದರೂ ಒಂದು ವಾರ ಕಾಯಿರಿ.

ಭವತು ಸಬ್ಬ ಮಂಗಲಂ. ಜೈಭೀಮ್.